ಒಬ್ಬರೇ ಇದ್ದಾಗ ಟ್ರೈಲರ್‌ನ ಬ್ರೇಕ್ ಲೈಟ್ ಪರೀಕ್ಷಿಸುವುದು: ಅಧ್ಯಯನ ಟಿಪ್ಪಣಿ

ಕಾಲು ಪೆಡಲ್ ಮೇಲೆ, ದೀಪ 15-20 ಮೀಟರ್ ಹಿಂದೆ. ತೊಂದರೆಯೆಲ್ಲ ಇರುವುದು ಇಲ್ಲೇ. ಹೆಡ್‌ಲೈಟ್, ಇಂಡಿಕೇಟರ್, ಟೇಲ್ ಲೈಟುಗಳನ್ನು ಹಾಕಿಟ್ಟು ಕೆಳಗಿಳಿದು ಒಂದು ಸುತ್ತು ಬಂದರೆ ನೋಡಿ ಮುಗಿಯುತ್ತದೆ. ಬ್ರೇಕ್ ಲೈಟ್ ಮಾತ್ರ ಕಾಲು ತೆಗೆದ ಕೂಡಲೇ ಆರಿಹೋಗುತ್ತದೆ. ಹಾಗಾಗಿ ಹೊಸಬರು ಇದನ್ನು ಬಿಟ್ಟೇಬಿಡುತ್ತಾರೆ, ಇಲ್ಲವೇ ‘ಹಜಾರ್ಡ್ (ಎರಡೂ ಕಡೆಯ ಇಂಡಿಕೇಟರ್ ಒಟ್ಟಿಗೆ) ಮಿನುಗಿತಲ್ಲ, ಇದೂ ಸರಿ ಇರಬೇಕು’ ಎಂದು ಹೊರಡುತ್ತಾರೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ಪರೀಕ್ಷೆ ಮಾಡಿದ ಸಮಾಧಾನವೂ ಸೇರಿರುತ್ತದೆ.

ಒಬ್ಬರೇ ನೋಡುವ ಉಪಾಯಗಳು ಹಲವು ಇವೆ. ಆದರೆ ಒಂದೊಂದು ಉಪಾಯವೂ ಆ ಸರ್ಕ್ಯೂಟಿನ ಒಂದೊಂದು ಭಾಗವನ್ನಷ್ಟೇ ಪರೀಕ್ಷಿಸುತ್ತದೆ. ಯಾವುದು ಎಲ್ಲಿಯವರೆಗೆ ಎಂದು ಗೊತ್ತಿಲ್ಲದಿದ್ದರೆ ಉಪಾಯ ಗೊತ್ತಿದ್ದೂ ಉಪಯೋಗವಿಲ್ಲ. ಈ ಟಿಪ್ಪಣಿಯಲ್ಲಿ ಟ್ರ್ಯಾಕ್ಟರ್ ಎಂದರೆ ಟ್ರೈಲರನ್ನು ಎಳೆಯುವ ಮುಂದಿನ ಗಾಡಿ, ಹೊಲ ಉಳುವುದಲ್ಲ.

ದೀಪ ಹೊತ್ತುವ ದಾರಿ

ಏರ್ ಬ್ರೇಕ್ ಗಾಡಿಗಳಲ್ಲಿ ಸ್ಟಾಪ್ ಲೈಟ್ (ಬ್ರೇಕ್ ಲೈಟ್) ಸ್ವಿಚ್ ಸಾಮಾನ್ಯವಾಗಿ ಪೆಡಲಿನ ಹತ್ತಿರ ಇರುವುದಿಲ್ಲ, ಗಾಳಿಯ ಲೈನಿನಲ್ಲಿರುತ್ತದೆ. ಪೆಡಲ್ ಒತ್ತಿದಾಗ ಬ್ರೇಕ್ ಲೈನಿಗೆ ಗಾಳಿ ನುಗ್ಗುತ್ತದೆ, ಆ ಒತ್ತಡಕ್ಕೆ ಸ್ವಿಚ್ ಕೂಡಿಕೊಳ್ಳುತ್ತದೆ. ಅಮೆರಿಕದ ಫೆಡರಲ್ ಮೋಟಾರು ವಾಹನ ಸುರಕ್ಷತಾ ಮಾನದಂಡ 121ರ ಪ್ರಕಾರ ಬ್ರೇಕ್ ಚೇಂಬರಿನಲ್ಲಿ (ಗಾಳಿ ತುಂಬಿ ಬ್ರೇಕನ್ನು ತಳ್ಳುವ ಡಬ್ಬಿ) 6 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಅಥವಾ ಅದಕ್ಕೂ ಕಡಿಮೆ ಒತ್ತಡವಿರುವಾಗಲೇ ದೀಪ ಹೊತ್ತಬೇಕು. ಅಂದರೆ ಪೆಡಲನ್ನು ತುಸುವೇ ಅದುಮಿದರೂ ಸಾಕು.

ಹೊಸಬರು ಮೊದಲು ಎಡವುವುದು ಇಲ್ಲೇ. ರಾತ್ರಿಯೆಲ್ಲ ನಿಂತು ಟ್ಯಾಂಕಿನ ಗಾಳಿ ಸೋರಿಹೋದ ಗಾಡಿಯಲ್ಲಿ ಎಷ್ಟು ಒತ್ತಿದರೂ ದೀಪ ಬರುವುದಿಲ್ಲ. ಬಲ್ಬಿನ ತಪ್ಪಲ್ಲ, ಫ್ಯೂಸಿನ ತಪ್ಪೂ ಅಲ್ಲ. ಸ್ವಿಚ್ಚಿಗೆ ತಗಲುವಷ್ಟು ಗಾಳಿ ಇಲ್ಲ, ಅಷ್ಟೆ. ಮೊದಲು ಎಂಜಿನ್ ಚಾಲೂ ಮಾಡಿ ಗೇಜು 100 ಪಿಎಸ್‌ಐ ದಾಟುವವರೆಗೆ ಕಾಯಿರಿ, ಆಮೇಲೆ ದೀಪ ನೋಡಿ. ಕೆಲವು ಹೊಸ ಗಾಡಿಗಳಲ್ಲಿ ಸ್ವಿಚ್ಚಿನ ಬದಲು ಸೆನ್ಸರ್ ಇದ್ದು, ದೀಪ ಹಾಕುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಅಂಥವುಗಳಲ್ಲಿ ಕೀ ಆನ್ ಇರಬೇಕಾಗಬಹುದು.

ಸ್ವಿಚ್ ದಾಟಿದ ಕರೆಂಟು ಟ್ರ್ಯಾಕ್ಟರಿನ ಹಿಂಭಾಗದ 7 ಪಿನ್ ಸಾಕೆಟ್‌ಗೆ ಬಂದು, ಸುರುಳಿ ಕೇಬಲ್ ಮೂಲಕ ಟ್ರೈಲರಿನ ಮೂಗಿಗೆ ಹೋಗಿ, ಅಲ್ಲಿಂದ ಚಾಸಿಸ್ ಉದ್ದಕ್ಕೂ ಹರಿದು ಹಿಂದಿನ ದೀಪ ತಲುಪುತ್ತದೆ. ಉತ್ತರ ಅಮೆರಿಕದ 12 ವೋಲ್ಟ್ ಗಾಡಿಗಳ ಜೆ560 ಎಂಬ ಮಾನದಂಡದ ಸಾಕೆಟ್‌ನಲ್ಲಿ ಬಣ್ಣಗಳು ಹೀಗಿವೆ:

ಬಿಳಿ – ಅರ್ತ್
ಕಪ್ಪು – ಅಂಚು ಮತ್ತು ಪಕ್ಕದ ಮಾರ್ಕರ್ ದೀಪಗಳು
ಹಳದಿ – ಎಡ ಇಂಡಿಕೇಟರ್
ಕೆಂಪು – ಬ್ರೇಕ್ ಲೈಟ್
ಹಸಿರು – ಬಲ ಇಂಡಿಕೇಟರ್
ಕಂದು – ಟೇಲ್ ಲೈಟ್, ನಂಬರ್ ಪ್ಲೇಟ್ ದೀಪ
ನೀಲಿ, ನಡುವಿನ ಪಿನ್ – ಎಬಿಎಸ್‌ಗೆ (ಬ್ರೇಕ್ ಹಾಕಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ವ್ಯವಸ್ಥೆ) ನಿರಂತರ ಕರೆಂಟು

24 ವೋಲ್ಟ್ ಗಾಡಿಗಳ ಐಎಸ್‌ಒ 1185 ಸಾಕೆಟ್‌ನಲ್ಲಿ ಕೆಲವು ಪಿನ್‌ಗಳ ಕೆಲಸ ಬೇರೆ, ಆದರೆ 4ನೇ ಪಿನ್ ಕೆಂಪು, ಅದೇ ಬ್ರೇಕ್ ಲೈಟ್. ಎರಡರಲ್ಲೂ ಇದು ಒಂದೇ ಆಗಿರುವುದರಿಂದ ನೆನಪಿಡುವುದು ಸುಲಭ.

ಈಗ ಹಜಾರ್ಡಿನ ವಿಷಯ. ಹಜಾರ್ಡ್ ಒತ್ತಿದಾಗ ಮಿಡಿಯುವುದು ಹಳದಿ ಮತ್ತು ಹಸಿರು ವೈರುಗಳು. ಕೆಂಪು ವೈರಿಗೆ ಅದರ ಸುದ್ದಿಯೇ ಇಲ್ಲ. ಹಿಂದಿನ ನಾಲ್ಕೂ ದೀಪ ಚೆನ್ನಾಗಿ ಮಿನುಗುತ್ತಿದ್ದರೂ ಕೆಂಪು ವೈರು ಮಧ್ಯದಲ್ಲಿ ತುಂಡಾಗಿರಬಹುದು.

ಕೆಳಗಿಳಿಯುವ ಮುನ್ನ

ಗಾಡಿ ಸಮನೆಲದಲ್ಲಿರಲಿ. ಟ್ರ್ಯಾಕ್ಟರ್, ಟ್ರೈಲರ್ ಎರಡರ ಪಾರ್ಕಿಂಗ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ ಮಾಡಿ, ಚಕ್ರಕ್ಕೆ ಅಡ್ಡ ತುಂಡು ಕೊಡಿ. ಗಾಳಿ ತುಂಬಿದ ಮೇಲೆ ಎಂಜಿನ್ ಬಂದ್ ಮಾಡಿ, ಕೀ ಮಾತ್ರ ಬೇಕಿದ್ದರೆ ಆನ್ ಇರಲಿ. ಪೆಡಲಿಗೆ ಏನಾದರೂ ಸಿಕ್ಕಿಸುವುದಾದರೆ ಸ್ಟೀರಿಂಗ್ ಮೇಲೆ ಕೈಗವಸನ್ನೋ ಬಟ್ಟೆಯನ್ನೋ ನೇತುಹಾಕಿ. ವಾಪಸ್ ಬಂದು ಕೂತಾಗ ಮೊದಲು ಕೈಗೆ ಸಿಗುವುದು ಅದೇ ಆಗಬೇಕು. ಸಿಕ್ಕಿಸಿದ ಕೋಲನ್ನು ಮರೆತು ಗಾಡಿ ಬಿಟ್ಟವರು ಕಡಿಮೆ ಇಲ್ಲ.

ಹ್ಯಾಂಡ್ ವಾಲ್ವ್

ಕ್ಯಾಬಿನ್ನಿನಲ್ಲಿ ಟ್ರೈಲರ್ ಬ್ರೇಕ್ ಮಾತ್ರ ಹಿಡಿಸುವ ಲಿವರ್ ಇದ್ದರೆ ಅದೇ ಅತಿ ಸುಲಭದ ದಾರಿ. ಎಳೆದರೆ ದೀಪ ಹೊತ್ತುತ್ತದೆ. ಬಿಟ್ಟಲ್ಲೇ ನಿಲ್ಲುವ ಬಗೆಯದಾದರೆ ಹಾಗೇ ಬಿಟ್ಟು ಹಿಂದೆ ಹೋಗಿ ನೋಡಿ ಬರಬಹುದು. ತಾನಾಗಿ ವಾಪಸ್ ಬರುವ ಬಗೆಯದಾದರೆ ಈ ಉಪಾಯ ಕೆಲಸಕ್ಕೆ ಬಾರದು. ಲಿವರನ್ನು ಪಾರ್ಕಿಂಗ್ ಬ್ರೇಕಿನಂತೆ ಬಳಸಬೇಡಿ. ಅದು ಗಾಳಿಯನ್ನು ನಂಬಿ ನಿಂತಿರುತ್ತದೆ, ಗಾಳಿ ಸೋರಿದರೆ ಬ್ರೇಕೂ ಬಿಡುತ್ತದೆ.

ಇದರಲ್ಲೊಂದು ಕೊರತೆ ಇದೆ. ಕೆಲವು ಗಾಡಿಗಳಲ್ಲಿ ಪೆಡಲಿನ ಲೈನಿಗೆ ಒಂದು ಸ್ವಿಚ್, ಹ್ಯಾಂಡ್ ವಾಲ್ವಿನ ಲೈನಿಗೆ ಇನ್ನೊಂದು. ಲಿವರ್ ಎಳೆದಾಗ ದೀಪ ಬಂದರೆ ವೈರು, ಪಿನ್, ಬಲ್ಬು ಸರಿ ಇವೆ ಎಂದಾಯಿತು. ರಸ್ತೆಯಲ್ಲಿ ದಿನಕ್ಕೆ ನೂರು ಸಲ ಒತ್ತುವ ಪೆಡಲಿನ ಸ್ವಿಚ್ ಸರಿ ಇದೆ ಎಂದಾಗಲಿಲ್ಲ. ಹಾಗಾಗಿ ಲಿವರ್ ಪರೀಕ್ಷೆಯಾದ ಮೇಲೆ ಒಂದು ಸಲವಾದರೂ ಪೆಡಲ್ ಒತ್ತಿ ನೋಡಿ. ಕತ್ತಲಲ್ಲಾದರೆ ಹಿಂದಿನ ಗೋಡೆಯ ಮೇಲೆ ಬೀಳುವ ಕೆಂಪು ಬೆಳಕು ಕನ್ನಡಿಯಲ್ಲಿ ಕಂಡರೂ ಇದಕ್ಕೆ ಸಾಕು.

ಪೆಡಲಿಗೆ ಕೋಲು

ಸೀಟಿನ ಮುಂಭಾಗಕ್ಕೂ ಪೆಡಲಿಗೂ ನಡುವೆ ನಿಲ್ಲಿಸುವ, ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಸರಳು ಸಿಗುತ್ತದೆ. ತಕ್ಕ ಉದ್ದಕ್ಕೆ ಕತ್ತರಿಸಿದ ಮರದ ಕೋಲೂ ಆದೀತು, ತುದಿ ಜಾರದಂತೆ ರಬ್ಬರ್ ಸುತ್ತಿರಬೇಕು. ಎಲ್ಲ ಉಪಾಯಗಳಲ್ಲಿ ಹೆಚ್ಚು ನಂಬಬೇಕಾದದ್ದು ಇದೇ, ಏಕೆಂದರೆ ಪೆಡಲ್, ಗಾಳಿ, ಸ್ವಿಚ್, ವೈರು, ದೀಪ ಎಲ್ಲವೂ ರಸ್ತೆಯಲ್ಲಿ ಕೆಲಸ ಮಾಡುವ ಕ್ರಮದಲ್ಲೇ ಕೆಲಸ ಮಾಡುತ್ತವೆ.

ಎಷ್ಟು ಒತ್ತಬೇಕು? 10-20 ಪಿಎಸ್‌ಐ ಸಾಕು. ಪಾರ್ಕಿಂಗ್ ಬ್ರೇಕ್ ಹಾಕಿರುವಾಗ ಚಕ್ರವನ್ನು ಸ್ಪ್ರಿಂಗ್ ಹಿಡಿದಿರುತ್ತದೆ. ಅದರ ಮೇಲೆ ಪೆಡಲನ್ನು ಪೂರ್ತಿ ಅದುಮಿದರೆ ಗಾಳಿಯ ಬಲವೂ ಬ್ರೇಕನ್ನು ತಳ್ಳುವ ಅದೇ ಪುಶ್ ರಾಡಿನ ಮೇಲೆ ಬೀಳುತ್ತದೆ. ಎರಡು ಬಲ ಸೇರಿ ಸ್ಲ್ಯಾಕ್ ಅಡ್ಜಸ್ಟರಿಗೂ (ಪುಶ್ ರಾಡನ್ನು ಬ್ರೇಕಿಗೆ ಜೋಡಿಸುವ ತೋಳು) ಬ್ರೇಕಿನ ಉಳಿದ ಭಾಗಗಳಿಗೂ ವಿನಾಕಾರಣ ಪೆಟ್ಟು. ಇದನ್ನು ತಡೆಯುವ ವಾಲ್ವು ಅನೇಕ ಗಾಡಿಗಳಲ್ಲಿದೆ, ಆದರೂ ದೀಪ ನೋಡಲು 100 ಪಿಎಸ್‌ಐ ಹಾಕುವ ಅಗತ್ಯವೇ ಇಲ್ಲ.

ಕೋಲು ನಿಂತಿರುವಾಗ ಎಂಜಿನ್ ಬಂದ್ ಇದ್ದರೆ ಸುತ್ತಲೂ ನಿಶ್ಶಬ್ದ. ನಡೆದು ಹೋಗುವಾಗ ಟ್ರ್ಯಾಕ್ಟರಿನ ಸರ್ವಿಸ್ ಲೈನಿನಲ್ಲಿ (ಪೆಡಲ್ ಒತ್ತಿದಾಗ ಗಾಳಿ ಹರಿಯುವ ಪೈಪು) ಎಲ್ಲಾದರೂ ಬುಸ್ ಎನ್ನುತ್ತಿದೆಯೇ ಎಂದೂ ಕೇಳಿಸಿಕೊಳ್ಳಬಹುದು. ಆದರೆ ಇದನ್ನೇ ಸೋರಿಕೆ ಪರೀಕ್ಷೆ ಎಂದು ಬರೆದುಕೊಳ್ಳಬೇಡಿ. ಅದಕ್ಕೆ ಪಾರ್ಕಿಂಗ್ ಬ್ರೇಕ್ ಬಿಟ್ಟಿರಬೇಕು, ಪೆಡಲ್ ಪೂರ್ತಿ ಒತ್ತಿರಬೇಕು.

ಮೊಬೈಲ್ ಕ್ಯಾಮೆರಾ

ಟ್ರೈಲರಿನ 5-6 ಮೀಟರ್ ಹಿಂದೆ, ದೀಪದ ಎತ್ತರಕ್ಕೆ ಫೋನ್ ನಿಲ್ಲಿಸಿ ವಿಡಿಯೋ ಚಾಲೂ ಮಾಡಿ. ಬೇರೆ ಗಾಡಿ ಬರುವ ಜಾಗವಾದರೆ ಬೇಡ. ಕ್ಯಾಬಿನ್ನಿನಲ್ಲಿ ಹೇಳಿದ್ದು ಅಲ್ಲಿಗೆ ಕೇಳುವುದಿಲ್ಲ, ಆದ್ದರಿಂದ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು: ಎಲ್ಲ ದೀಪ ಆರಿಸಿ ಬ್ರೇಕ್ 3 ಸೆಕೆಂಡ್, ಟೇಲ್ ಲೈಟ್ ಹಾಕಿ ಬ್ರೇಕ್ 3 ಸೆಕೆಂಡ್, ಟೇಲ್ ಜೊತೆ ಎಡ ಇಂಡಿಕೇಟರ್ ಹಾಕಿ ಬ್ರೇಕ್, ಆಮೇಲೆ ಬಲ. ನಡುವೆ ನಡುವೆ 2 ಸೆಕೆಂಡ್ ಬಿಡುವು. ಟೇಲ್ ಲೈಟ್ ಆರಿಸಿಯೂ ಹಾಕಿಯೂ ನೋಡುವುದಕ್ಕೆ ಕಾರಣವಿದೆ. ಒಂದೇ ಕೆಂಪು ಗಾಜಿನೊಳಗೆ ಎರಡೂ ಇರುವುದರಿಂದ ಟೇಲ್ ಉರಿಯುತ್ತಿರುವಾಗ ಬ್ರೇಕಿನದು ಬರೀ ಬೆಳಕಿನ ಏರಿಕೆಯಾಗಿ ಕಾಣುತ್ತದೆ. ಆ ಏರಿಕೆ ಸ್ಪಷ್ಟವಿಲ್ಲದಿದ್ದರೆ ಹಿಂದಿನ ಚಾಲಕನಿಗೂ ಅದು ಸ್ಪಷ್ಟವಿರುವುದಿಲ್ಲ.

ವಿಡಿಯೋದಲ್ಲಿ ಎಲ್ಇಡಿ ದೀಪ ನಡುಗಿದಂತೆ ಕಂಡರೆ ಗಾಬರಿ ಬೇಡ. ಕೆಲವು ಎಲ್ಇಡಿಗಳು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಆರಿ ಹತ್ತುತ್ತಿರುತ್ತವೆ, ಅದು ಕ್ಯಾಮೆರಾಕ್ಕೆ ಸಿಕ್ಕಿಬೀಳುತ್ತದೆ. ಎರಡು ಫೋನ್ ಇದ್ದರೆ ಒಂದರಿಂದ ಇನ್ನೊಂದಕ್ಕೆ ವಿಡಿಯೋ ಕರೆ ಮಾಡಿ ಕೂತಲ್ಲೇ ನೋಡಬಹುದು.

ಗೋಡೆಯ ಮೇಲಿನ ಬೆಳಕು ತುರ್ತಿಗೆ ಮಾತ್ರ. ಒರಟು ಗೋಡೆಯ ಮೇಲೆ ಎಡ ಬಲ ಎರಡೂ ಕಲಸಿಹೋಗಿ, ಒಂದು ದೀಪ ಸತ್ತಿದ್ದರೂ ಗೊತ್ತಾಗುವುದಿಲ್ಲ. ಗಾಜಿನಂತೆ ಹೊಳೆಯುವ ಮೇಲ್ಮೈ ಆದರೆ ಪರವಾಗಿಲ್ಲ.

ದೀಪಗಳನ್ನು ಸರದಿಯಂತೆ ತಾನೇ ಹೊತ್ತಿಸುವ ವ್ಯವಸ್ಥೆ ಕೆಲವು ಹೊಸ ಗಾಡಿಗಳಲ್ಲಿದೆ. ಅನುಕೂಲವೇನೋ ಹೌದು, ಆದರೆ ಅಲ್ಲಿ ಯಾರೂ ಪೆಡಲ್ ಒತ್ತಿಲ್ಲ. ಗಾಳಿಯ ಸ್ವಿಚ್ ಕೆಟ್ಟಿದ್ದರೂ ದೀಪ ಉರಿಯುತ್ತದೆ. ಟ್ರೈಲರಿನ ಸಾಕೆಟ್‌ಗೆ ನೇರ ಚುಚ್ಚಿ ಕರೆಂಟು ಕೊಡುವ ಟೆಸ್ಟರ್ ಪೆಟ್ಟಿಗೆಯೂ ಅಷ್ಟೆ: ಟ್ರೈಲರಿನ ಆರೋಗ್ಯ ಹೇಳುತ್ತದೆ, ಟ್ರ್ಯಾಕ್ಟರಿನದ್ದಲ್ಲ.

ಬರದಿದ್ದರೆ ಎಲ್ಲಿ ಹುಡುಕುವುದು

ಕೋಲು ಹಾಕಿ ಇಳಿದಾಗ ಮೊದಲು ಟ್ರ್ಯಾಕ್ಟರಿನದೇ ಹಿಂದಿನ ಬ್ರೇಕ್ ಲೈಟ್ ನೋಡಿ. ಅದೂ ಇಲ್ಲ, ಟ್ರೈಲರಿನದೂ ಇಲ್ಲ ಎಂದಾದರೆ ಗಾಳಿ, ಸ್ವಿಚ್ ಅಥವಾ ಫ್ಯೂಸ್. ಟ್ರ್ಯಾಕ್ಟರಿನದು ಇದೆ, ಟ್ರೈಲರಿನಲ್ಲಿ ಎರಡೂ ಕಡೆ ಇಲ್ಲ ಎಂದಾದರೆ ಟ್ರೈಲರ್ ಲೈನಿನ ಪ್ರತ್ಯೇಕ ಫ್ಯೂಸ್ ಅಥವಾ ರಿಲೇ, ಕೆಂಪು ಪಿನ್, ಸುರುಳಿ ಕೇಬಲ್. ಒಂದೇ ಕಡೆ ಇಲ್ಲದಿದ್ದರೆ ಮುಂದೆ ಹುಡುಕುವುದು ವ್ಯರ್ಥ. ಆ ದೀಪದ ಬಲ್ಬು, ಹೋಲ್ಡರ್, ಅದರ ಅರ್ತ್ ನೋಡಿ.

ಅಪರಾಧಿ ಹೆಚ್ಚಾಗಿ ಸಿಗುವುದು 7 ಪಿನ್ ಪ್ಲಗ್ಗಿನಲ್ಲೇ. ಮಳೆ, ಧೂಳು, ಉಪ್ಪು ಸೇರಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ, ಸೀಳಿದ ಪಿನ್‌ಗಳು ಒತ್ತಿಕೊಂಡು ಸಡಿಲವಾಗುತ್ತವೆ. ಬ್ರಶ್ಶಿನಿಂದ ಉಜ್ಜಿ, ತೆಳು ಚಾಕುವಿನಿಂದ ಪಿನ್ನಿನ ಸೀಳನ್ನು ಕೂದಲೆಳೆಯಷ್ಟು ಅಗಲಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ. ಕೋಲು ಇನ್ನೂ ನಿಂತಿರುವಾಗ ಕೇಬಲನ್ನು ಪ್ಲಗ್ಗಿನ ಬುಡದಲ್ಲಿ ಅಲ್ಲಾಡಿಸಿ ನೋಡಿ. ದೀಪ ಆರಿ ಹತ್ತಿದರೆ ತಿರುವಿನಲ್ಲಿ ಕೇಬಲ್ ಎಳೆದಾಗಲೂ ಹಾಗೇ ಆಗುತ್ತಿರುತ್ತದೆ.

ಮಲ್ಟಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಒಂದೇ ಒಂದು ಎಳೆ ಉಳಿದ ವೈರಿನಲ್ಲೂ ಅದು 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಬಲ್ಬಿರುವ ಟೆಸ್ಟ್ ಲ್ಯಾಂಪ್ ಹಾಕಿ, ಅಥವಾ ದೀಪಗಳು ಜೋಡಿಸಿಯೇ ಇದ್ದು ಬ್ರೇಕ್ ಒತ್ತಿರುವಾಗ ಅಳೆಯಿರಿ. ಲೆಕ್ಕ ನೋಡಿ: 1157 ನಂಬರಿನ, ಎರಡು ಫಿಲಮೆಂಟಿನ ಬಲ್ಬಿನಲ್ಲಿ ಬ್ರೇಕ್ ಫಿಲಮೆಂಟ್ ಸುಮಾರು 2.1 ಆಂಪಿಯರ್ ಎಳೆಯುತ್ತದೆ. ಅಂಥ ನಾಲ್ಕಕ್ಕೆ 8.4. ಕಿಲುಬು ಹಿಡಿದ ಪಿನ್ನಿನಲ್ಲಿ 0.2 ಓಮ್ ತಡೆ ಇದ್ದರೆ ಅಲ್ಲೇ ಹೆಚ್ಚುಕಡಿಮೆ 1.7 ವೋಲ್ಟ್ ನಷ್ಟ, ಜೊತೆಗೆ 14 ವಾಟ್‌ನಷ್ಟು ಶಾಖ. ಪ್ಲಗ್ ಮುಟ್ಟಿದರೆ ಬೆಚ್ಚಗಿರುವುದು ಇದರಿಂದಲೇ. ಎಲ್ಇಡಿ ಹಾಕಿದ ಟ್ರೈಲರಿನಲ್ಲಿ ಒಟ್ಟು ಕರೆಂಟು ಬಹಳ ಕಡಿಮೆ, ಆದ್ದರಿಂದ ಅದೇ ಕೆಟ್ಟ ಪಿನ್ ಗೊತ್ತೇ ಆಗದೆ ಉಳಿದು ಒಂದು ದಿನ ಪೂರ್ತಿ ಕೈಕೊಡುತ್ತದೆ. ಎಲ್ಇಡಿ ಇದೆಯೆಂದು ಪಿನ್ ನೋಡುವುದನ್ನು ಬಿಡಬಾರದು.

ಬ್ರೇಕ್ ಒತ್ತಿದಾಗ ಟೇಲ್ ಲೈಟ್ ಮಂಕಾದರೆ, ಅಥವಾ ಸಂಬಂಧವೇ ಇಲ್ಲದ ಮಾರ್ಕರ್ ದೀಪಗಳು ಸಣ್ಣಗೆ ಮಿನುಗಿದರೆ ಬಿಳಿ ವೈರನ್ನು ಹಿಡಿಯಿರಿ. ಅರ್ತ್ ಸರಿಯಿಲ್ಲದ ಕರೆಂಟು ಬೇರೆ ಬಲ್ಬಿನ ಮೂಲಕ ದಾರಿ ಹುಡುಕಿಕೊಂಡಿರುತ್ತದೆ. ಟೇಲ್ ಜೋರಾಗಿ ಉರಿದು ಬ್ರೇಕ್ ಮಂದವಾಗಿದ್ದರೆ ಎರಡು ಫಿಲಮೆಂಟಿನ ಬಲ್ಬನ್ನು ಸವೆದ ಹೋಲ್ಡರಿಗೆ ಯಾರೋ ಉಲ್ಟಾ ತುರುಕಿರುವ ಸಾಧ್ಯತೆ ಹೆಚ್ಚು.

ಕನ್ನಡಿಯಲ್ಲಿ ಕಾಣುವ ಒಂದು ಸುಳಿವೂ ಇದೆ. ಅಮೆರಿಕದ ನಿಯಮದಂತೆ 1998ರ ಮಾರ್ಚ್ ನಂತರ ತಯಾರಾದ ಏರ್ ಬ್ರೇಕ್ ಟ್ರೈಲರುಗಳಿಗೆ ಎಬಿಎಸ್ ಇದ್ದು, ಅದರ ಹಳದಿ ದೀಪ ಟ್ರೈಲರಿನ ಎಡ ಪಕ್ಕ, ಹಿಂದಿನ ಕಡೆಗೆ ಇರುತ್ತದೆ. ನೀಲಿ ಪಿನ್ನಿನ ಕರೆಂಟು ತಪ್ಪಿದರೆ ಎಬಿಎಸ್ ಬ್ರೇಕ್ ಲೈಟಿನ ಕರೆಂಟಿನಿಂದಲೇ ಎಚ್ಚರಾಗುತ್ತದೆ. ಪೆಡಲ್ ಒತ್ತಿದಾಗಲೆಲ್ಲ ಆ ಹಳದಿ ದೀಪ ಒಮ್ಮೆ ಹೊತ್ತಿ ಆರಿದರೆ ಕೆಂಪು ವೈರು ಟ್ರೈಲರಿನವರೆಗೆ ಬಂದಿದೆ, ನೀಲಿ ಬಂದಿಲ್ಲ ಎಂದರ್ಥ. ಹಿಂದಿನ ಬ್ರೇಕ್ ಲೈಟ್ ಉರಿದಿದೆ ಎಂದು ಮಾತ್ರ ಇದರಿಂದ ಹೇಳಲಾಗದು. ಹಾಗೆಯೇ ದೀಪ ಉರಿದ ಮಾತ್ರಕ್ಕೆ ಟ್ರೈಲರಿನ ಬ್ರೇಕ್ ಹಿಡಿಯುತ್ತಿದೆ ಎಂದೂ ಅಲ್ಲ. ಸ್ವಿಚ್ ಇರುವುದು ಟ್ರ್ಯಾಕ್ಟರಿನಲ್ಲಿ. ಟ್ರೈಲರಿನ ಗಾಳಿ ಪೈಪು ಜೋಡಿಸದಿದ್ದರೂ ದೀಪ ಉರಿಯಬಹುದು. ಬ್ರೇಕಿನ ಪರೀಕ್ಷೆ ಬೇರೆಯೇ ಮಾಡಬೇಕು.

ಕೊನೆಗೆ ಕೋಲು ತೆಗೆದು, ಹ್ಯಾಂಡ್ ವಾಲ್ವ್ ಪೂರ್ತಿ ಮುಚ್ಚಿ, ಮತ್ತೊಮ್ಮೆ ಹಿಂದೆ ಹೋಗಿ ದೀಪ ಆರಿದೆಯೇ ನೋಡಿ. ಇನ್ನೂ ಉರಿಯುತ್ತಿದ್ದರೆ ಒಂದೋ ಸ್ವಿಚ್ ಅಂಟಿಕೊಂಡಿದೆ, ಇಲ್ಲವೇ ಲೈನಿನಲ್ಲಿ ಐದಾರು ಪಿಎಸ್‌ಐ ಗಾಳಿ ಉಳಿದಿದೆ. ಎರಡನೆಯದಾದರೆ ಹೊರಟ ಮೇಲೂ ಬ್ರೇಕ್ ಉಜ್ಜುತ್ತಲೇ ಇದ್ದು ಡ್ರಮ್ಮು ಕಾಯುತ್ತದೆ, ಹಿಂದಿನವರಿಗೆ ನೀವು ನಿಜವಾಗಿ ಬ್ರೇಕ್ ಹಾಕಿದ್ದು ಯಾವಾಗ ಎಂದೂ ತಿಳಿಯುವುದಿಲ್ಲ.