ಓದುಗರ ಪ್ರಶ್ನೆ: ಕ್ಯಾಡ್ ಕೆಲಸಕ್ಕೆ ಮ್ಯಾಕ್ ಲ್ಯಾಪ್‌ಟಾಪೇ ಬೇಕೇ?

ಪ್ರಶ್ನೆ: ಮಗಳಿಗೆ ಬಳ್ಳಾರಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಡಿಸೈನ್ ಕೆಲಸಕ್ಕೆ ಮ್ಯಾಕ್ ಲ್ಯಾಪ್‌ಟಾಪೇ ಬೇಕು, ವಿಂಡೋಸ್ ಆದರೆ ಮಧ್ಯದಲ್ಲೇ ಕೈಕೊಡುತ್ತದೆ ಎಂದು ಬೆಂಗಳೂರಿನ ನೆಂಟರು ಹೇಳುತ್ತಿದ್ದಾರೆ. ಸಾಲ ಮಾಡಿಯಾದರೂ ಕೊಡಿಸಬೇಕೇ?

ಉತ್ತರ: ಸಾಲ ಮಾಡಬೇಡಿ. ವಿಂಡೋಸ್ 11 ಇರುವ, ಇಂಟೆಲ್ ಅಥವಾ ಎಎಮ್‌ಡಿ ಪ್ರೊಸೆಸರ್‌ನ, 16 ಜಿಬಿ ರ‍್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಕೊಡಿಸಿ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ.

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಪ್ರತಿ ವರ್ಷ ಸಂಡೂರು, ಸಿಂಧನೂರು, ಗಂಗಾವತಿಗಳಿಂದ ಇದೇ ಪ್ರಶ್ನೆ ಬರುತ್ತದೆ. ಪ್ರತಿ ವರ್ಷ ಇದೇ ಉತ್ತರ ಕೊಡುತ್ತೇನೆ. ಆದರೂ ಮರುವರ್ಷ ಯಾರೋ ಒಬ್ಬ ತಂದೆ ಭತ್ತ ಮಾರಿದ ಹಣದಲ್ಲಿ ಮ್ಯಾಕ್ ಕೊಡಿಸಿ, ಅದರಲ್ಲಿ ಕಾಲೇಜಿನ ಸಾಫ್ಟ್‌ವೇರ್ ಹಾಕುವುದು ಹೇಗೆ ಎಂದು ಕೇಳುತ್ತಾರೆ. ಹಾಕಲು ಬರುವುದಿಲ್ಲ ಎಂದು ಹೇಳುವಾಗ ನಿಜವಾಗಿಯೂ ಸಂಕಟವಾಗುತ್ತದೆ. ಆದ್ದರಿಂದ ಈ ಸಲ ಆ ನಂಬಿಕೆಯನ್ನು ಬುಡದಿಂದಲೇ ನೋಡೋಣ.

‘ಡಿಸೈನ್ ಎಂದರೆ ಮ್ಯಾಕ್’ ಎಂಬ ಮಾತು ಹುಟ್ಟಿದ್ದು ಮುದ್ರಣ ಮತ್ತು ಜಾಹೀರಾತಿನ ಲೋಕದಲ್ಲಿ. ಪುಟ ವಿನ್ಯಾಸದ ಪೇಜ್‌ಮೇಕರ್ 1985ರಲ್ಲಿ ಮೊದಲು ಮ್ಯಾಕ್‌ಗೆ ಬಂತು. 1990ರಲ್ಲಿ ಫೋಟೋಶಾಪ್ ಕೂಡ ಮೊದಲು ಮ್ಯಾಕ್‌ಗೇ ಬಂತು. ವಿಂಡೋಸ್‌ಗೆ ಬಂದದ್ದು ಆಮೇಲೆ. ಪತ್ರಿಕೆ, ಪೋಸ್ಟರ್, ಫೋಟೋ, ವಿಡಿಯೋ ಕೆಲಸದವರಿಗೆ ಆ ಕಾಲದಲ್ಲಿ ಮ್ಯಾಕ್ ನಿಜಕ್ಕೂ ಉತ್ತಮ ಆಯ್ಕೆಯಾಗಿತ್ತು. ನಿಮ್ಮ ನೆಂಟರು ಕೇಳಿಸಿಕೊಂಡಿರುವುದು ಆ ಕಾಲದ ಮಾತನ್ನು.

ಕ್ಯಾಡ್, ಅಂದರೆ ಕಂಪ್ಯೂಟರ್‌ನಲ್ಲಿ ಎಂಜಿನಿಯರಿಂಗ್ ನಕ್ಷೆ ಬಿಡಿಸುವ ಕೆಲಸ, ಅದರ ಚರಿತ್ರೆಯೇ ಬೇರೆ. ನಕ್ಷೆ ಬಿಡಿಸುವ ತಂತ್ರಾಂಶ ಆಟೋಕ್ಯಾಡ್‌ನ ಮೊದಲ ಆವೃತ್ತಿ ಹೊರಬಂದದ್ದು 1982ರ ಡಿಸೆಂಬರ್‌ನಲ್ಲಿ. ಮ್ಯಾಕಿಂಟಾಷ್ ಮಾರುಕಟ್ಟೆಗೆ ಬಂದದ್ದು 1984ರ ಜನವರಿಯಲ್ಲಿ. ಅಂದರೆ ಮ್ಯಾಕ್ ಹುಟ್ಟುವ ಮೊದಲೇ ಆಟೋಕ್ಯಾಡ್ ಇತ್ತು. ಅದು ಬೆಳೆದದ್ದು ಐಬಿಎಂ ಮಾದರಿಯ ಪಿಸಿಗಳ ಮೇಲೆ, ಮೊದಲು ವಿಂಡೋಸ್‌ಗಿಂತ ಹಳೆಯ ಡಾಸ್‌ನಲ್ಲಿ, ನಂತರ ವಿಂಡೋಸ್‌ನಲ್ಲಿ. ನಡುವೆ ಮ್ಯಾಕ್‌ಗೂ ಒಂದು ಆವೃತ್ತಿ ಬಂದಿತ್ತು. 1990ರ ದಶಕದಲ್ಲಿ ಅದನ್ನು ಕೈಬಿಟ್ಟ ಆಟೋಡೆಸ್ಕ್ (ಆಟೋಕ್ಯಾಡ್ ತಯಾರಿಸುವ ಕಂಪನಿ) ಮತ್ತೆ ಮ್ಯಾಕ್ ಕಡೆಗೆ ತಿರುಗಿದ್ದು 2010ರಲ್ಲಿ. ಯಂತ್ರಭಾಗಗಳ ವಿನ್ಯಾಸಕ್ಕೆ ಬಳಸುವ ಸಾಲಿಡ್‌ವರ್ಕ್ಸ್ 1995ರಲ್ಲಿ ವಿಂಡೋಸ್‌ಗೆಂದೇ ಬಂತು, ಇಂದಿಗೂ ವಿಂಡೋಸ್‌ನಲ್ಲೇ ಇದೆ.

ಇನ್ನು ನಮ್ಮ ಸೀಮೆಯ ಕೆಲಸವನ್ನೇ ನೋಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಫ್ಯಾಬ್ರಿಕೇಶನ್ ಮಾಡಿಕೊಡುವವರ ಬಳಿ ಕೆಲಸ ಸಿಕ್ಕರೆ ಉಕ್ಕಿನ ಚೌಕಟ್ಟಿನ ನಕ್ಷೆ ಮಾಡುವ ಟೆಕ್ಲಾ ಸ್ಟ್ರಕ್ಚರ್ಸ್ ಎದುರಾಗಬಹುದು. ಕಟ್ಟಡದ ಸ್ಟ್ರಕ್ಚರಲ್ ಲೆಕ್ಕಕ್ಕೆ ಸ್ಟ್ಯಾಡ್ ಪ್ರೊ ಅಥವಾ ಇಟ್ಯಾಬ್ಸ್ ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ದುರಸ್ತಿಗೋ ರಸ್ತೆಗೋ ಅಡ್ಡಕೊಯ್ತ ತೆಗೆಯುವವರಿಗೆ ಸಿವಿಲ್ ತ್ರೀಡಿ ಬೇಕು. ಕಟ್ಟಡದ ಪೂರ್ಣ ಮಾದರಿ ಕಟ್ಟುವವರಿಗೆ ರೆವಿಟ್ ಬೇಕು. ಪ್ರಥಮ ವರ್ಷದ ಡ್ರಾಯಿಂಗ್ ತರಗತಿಗೆ ಹಲವು ಕಾಲೇಜುಗಳು ಬಳಸುವ ಸಾಲಿಡ್ ಎಡ್ಜ್ ಇದೆ. ಇವುಗಳಲ್ಲಿ ಒಂದಕ್ಕೂ ಮ್ಯಾಕ್ ಆವೃತ್ತಿ ಇಲ್ಲ. ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಹೋದರೂ ಅಷ್ಟೆ: ಪ್ಯಾಟರ್ನ್ ತಿದ್ದುವ, ಅಳತೆವಾರು ಗ್ರೇಡಿಂಗ್ ಮಾಡುವ, ಬಟ್ಟೆ ಉಳಿಸಲು ಮಾರ್ಕರ್ (ಕತ್ತರಿಸುವ ತುಂಡುಗಳ ನಕ್ಷೆ) ಜೋಡಿಸುವ ಕಂಪ್ಯೂಟರ್‌ಗಳು ಸಾಮಾನ್ಯವಾಗಿ ವಿಂಡೋಸ್‌ನವೇ. ಅವುಗಳ ಪ್ಲಾಟರ್‌ಗೂ (ದೊಡ್ಡ ಹಾಳೆಯ ಪ್ರಿಂಟರ್) ಪರವಾನಗಿಯ ಡಾಂಗಲ್‌ಗೂ (ಕಂಪ್ಯೂಟರ್‌ಗೆ ಸಿಕ್ಕಿಸುವ ಕೀಲಿ) ಬೇಕಾದ ಡ್ರೈವರ್‌ಗಳು ವಿಂಡೋಸ್‌ಗೆ ಬರೆದಂಥವು. ಟ್ರ್ಯಾಕ್ಟರ್‌ನ ನೇಗಿಲನ್ನು ಕಾರಿಗೆ ಕಟ್ಟಲಾಗದು. ಹಾಗೆಂದು ಕಾರು ಕೆಟ್ಟದ್ದೆಂದಲ್ಲ.

ಇಷ್ಟು ಹೇಳಿದ ಮೇಲೆ ಮೂರು ಮರುಪ್ರಶ್ನೆಗಳು ಬಂದೇ ಬರುತ್ತವೆ.

‘ಆಟೋಕ್ಯಾಡ್ ಮ್ಯಾಕ್‌ಗೂ ಇದೆಯಲ್ಲ?’ ಇದೆ. ಗೆರೆ, ಅಳತೆ, ಲೇಯರ್, ಪ್ರಿಂಟ್ ಎಲ್ಲ ಚೆನ್ನಾಗಿಯೇ ನಡೆಯುತ್ತವೆ. ಆದರೆ ಆರ್ಕಿಟೆಕ್ಚರ್, ಎಲೆಕ್ಟ್ರಿಕಲ್, ಪ್ಲಾಂಟ್ ತ್ರೀಡಿ ಎಂಬ ವಿಶೇಷ ಟೂಲ್‌ಸೆಟ್‌ಗಳು ವಿಂಡೋಸ್‌ಗೆ ಮಾತ್ರ. ಪದೇಪದೇ ಮಾಡುವ ಕೆಲಸಕ್ಕೆ ಸಣ್ಣ ಪ್ರೋಗ್ರಾಮ್ ಬರೆಯುವ ವಿಬಿಎ ಮ್ಯಾಕ್‌ನಲ್ಲಿ ಇಲ್ಲ. ಊರಿನ ಎಂಜಿನಿಯರ್‌ಗಳು ಒಬ್ಬರಿಂದೊಬ್ಬರು ಪಡೆದು ಬಳಸುವ ಲಿಸ್ಪ್ ಫೈಲ್‌ಗಳಲ್ಲಿ (ಇವೂ ಅಂಥ ಸಣ್ಣ ಪ್ರೋಗ್ರಾಮ್‌ಗಳೇ) ವಿಂಡೋಸ್‌ನ ಆಕ್ಟಿವ್‌ಎಕ್ಸ್ ಎಂಬ ಸೌಲಭ್ಯವನ್ನು ನೆಚ್ಚಿಕೊಂಡವು ಕೂಡ ಅಲ್ಲಿ ನಡೆಯುವುದಿಲ್ಲ.

‘ಮ್ಯಾಕ್‌ನೊಳಗೇ ವಿಂಡೋಸ್ ಹಾಕಿಕೊಂಡರೆ?’ ಇಂಟೆಲ್ ಪ್ರೊಸೆಸರ್‌ನ ಹಳೆಯ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಎಂಬ ವ್ಯವಸ್ಥೆ ಇತ್ತು, ನೇರವಾಗಿ ವಿಂಡೋಸ್ ಹಾಕಬಹುದಿತ್ತು. ಆಪಲ್ 2020ರ ನವೆಂಬರ್‌ನಲ್ಲಿ ಎಂ1 ಚಿಪ್ ತಂದಿತು. ಆ ಸರಣಿಯ ಯಂತ್ರಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ. ಈಗ ಉಳಿದಿರುವ ದಾರಿ ಪ್ಯಾರಲಲ್ಸ್‌ನಂಥ ತಂತ್ರಾಂಶದೊಳಗೆ ಆರ್ಮ್ (ಎಂ1 ಕೂಡ ಸೇರಿದ, ಇಂಟೆಲ್‌ಗಿಂತ ಬೇರೆ ಜಾತಿಯ) ಚಿಪ್‌ನ ವಿಂಡೋಸ್ ಓಡಿಸುವುದು. ಕ್ಯಾಡ್ ತಂತ್ರಾಂಶ ಬರೆದದ್ದು ಇಂಟೆಲ್ ಭಾಷೆಯ ಚಿಪ್‌ಗಳಿಗೆ. ಆರ್ಮ್ ವಿಂಡೋಸ್ ಅದನ್ನು ಹೆಜ್ಜೆಹೆಜ್ಜೆಗೂ ಅನುವಾದಿಸಿ ಓಡಿಸಬೇಕು, ಗ್ರಾಫಿಕ್ಸ್ ಇನ್ನೊಂದು ಪದರ ದಾಟಿ ಬರಬೇಕು. ಕೆಲವು ತಂತ್ರಾಂಶಗಳು ಹೇಗೋ ತೆರೆದುಕೊಳ್ಳುತ್ತವೆ. ಆದರೆ ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ರಾತ್ರಿ ಕೆಟ್ಟು ನಿಂತರೆ ತಯಾರಕರು ಜವಾಬ್ದಾರಿ ಹೊರುವುದಿಲ್ಲ.

‘ಮ್ಯಾಕ್ ಹ್ಯಾಂಗ್ ಆಗುವುದಿಲ್ಲವಂತೆ?’ ಆಟೋಕ್ಯಾಡ್‌ನ ಬಹುಪಾಲು ಕೆಲಸ ಪ್ರೊಸೆಸರ್‌ನ ಒಂದೇ ಕೋರ್‌ನ (ಲೆಕ್ಕ ಮಾಡುವ ಘಟಕದ) ವೇಗವನ್ನು ಅವಲಂಬಿಸಿದೆ. ನಿಧಾನವಾಗುವುದು ರ‍್ಯಾಮ್ ಸಾಲದೆ, ಹಳೆಯ ಹಾರ್ಡ್ ಡಿಸ್ಕ್‌ನಿಂದ, ಬೇಡದ ಬ್ಲಾಕ್‌ಗಳು (ಸಿದ್ಧ ಚಿತ್ರಗಳು) ತುಂಬಿ ಫೈಲ್ ಭಾರವಾಗಿ. ಬಳಸದ್ದನ್ನು ಅಳಿಸುವ ಪರ್ಜ್ ಕಮಾಂಡ್ ಕೊಟ್ಟರೆ ಎಷ್ಟೋ ಫೈಲುಗಳು ಹಗುರಾಗುತ್ತವೆ. ಇನ್ನೊಂದು ಕಾರಣ ಸೆಕೆ. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಯಾದ ಯಾವ ಪ್ರೊಸೆಸರ್ ಆದರೂ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಎಂ ಸರಣಿಯ ಮ್ಯಾಕ್‌ಬುಕ್ ಏರ್‌ಗಂತೂ ಫ್ಯಾನೇ ಇಲ್ಲ. ಕ್ಯಾಡ್ ಮಾಡುವವರಿಗೆ ಗಾಳಿ ಹೊರಹೋಗಲು ಅಗಲವಾದ ಕಿಂಡಿಗಳಿರುವ, ಸ್ವಲ್ಪ ದಪ್ಪನೆಯ ಲ್ಯಾಪ್‌ಟಾಪೇ ವಾಸಿ.

ಮ್ಯಾಕ್ ಯಾರಿಗೆ ಸರಿ ಎಂಬುದನ್ನೂ ಹೇಳಿಬಿಡುತ್ತೇನೆ. ಹಂಗೇರಿಯ ಗ್ರಾಫಿಸಾಫ್ಟ್ ಕಂಪನಿಯ, ಕಟ್ಟಡ ವಿನ್ಯಾಸದ ಆರ್ಚಿಕ್ಯಾಡ್ ಆಪಲ್ ಯಂತ್ರಗಳ ಮೇಲೆಯೇ ಬೆಳೆದದ್ದು. ಸ್ಕೆಚ್‌ಅಪ್, ರೈನೋ, ಫ್ಯೂಷನ್ ಮೂರಕ್ಕೂ ಮ್ಯಾಕ್ ಆವೃತ್ತಿ ಇದೆ. ಕೆಲಸಕ್ಕೆ ಸೇರಿದ ಕಚೇರಿ ಇವನ್ನೇ ಬಳಸುವುದಾದರೆ ಮ್ಯಾಕ್ ಕೊಳ್ಳಲಿ. ಪ್ರಥಮ ವರ್ಷದ ವಿದ್ಯಾರ್ಥಿನಿಗೆ ಮುಂದೆ ಯಾವ ಕಚೇರಿ ಸಿಗುತ್ತದೋ ಗೊತ್ತಿಲ್ಲದಿರುವಾಗ ಬೇಡ.

ಅಂಗಡಿಯಲ್ಲಿ ಒಂದು ಎಚ್ಚರ ಇರಲಿ. ‘ವಿಂಡೋಸ್ ಲ್ಯಾಪ್‌ಟಾಪ್’ ಎಂದು ಮಾರುವುದರಲ್ಲೂ ಸ್ನ್ಯಾಪ್‌ಡ್ರಾಗನ್ ಚಿಪ್‌ನವು ಇವೆ. ಅವೂ ಆರ್ಮ್ ಜಾತಿಯವೇ, ಮೇಲೆ ಹೇಳಿದ ತೊಡಕು ಅವಕ್ಕೂ ಉಂಟು. ಬ್ಯಾಟರಿ ದಿನವಿಡೀ ಬರುತ್ತದೆ ಎಂಬ ಮಾತಿಗೆ ಮರುಳಾಗಬೇಡಿ. ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಇಂಟೆಲ್‌ನ 8ನೇ ಪೀಳಿಗೆಗಿಂತ ಹಿಂದಿನದನ್ನು ಮುಟ್ಟಬಾರದು. ಅವುಗಳಲ್ಲಿ ಬಹುಪಾಲಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ‘ವಿಂಡೋಸ್ ಇಲ್ಲದ ಡಾಸ್ ಲ್ಯಾಪ್‌ಟಾಪ್ ತೊಗೊಳ್ಳಿ, ವಿಂಡೋಸ್, ಆಟೋಕ್ಯಾಡ್ ಎಲ್ಲ ನಾವೇ ಹಾಕಿಕೊಡುತ್ತೇವೆ’ ಎಂದು ಕದ್ದ ಪ್ರತಿ ಹಾಕುವವರಿಂದ ದೂರವಿರಿ. ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಒಂದು ವರ್ಷದ ಪರವಾನಗಿಯನ್ನು ಉಚಿತವಾಗಿ ಕೊಡುತ್ತದೆ, ಕಲಿಯುವಷ್ಟು ಕಾಲವೂ ನವೀಕರಿಸಿಕೊಳ್ಳಬಹುದು. ಸಾಲಿಡ್ ಎಡ್ಜ್‌ಗೂ ಉಚಿತ ವಿದ್ಯಾರ್ಥಿ ಆವೃತ್ತಿ ಇದೆ. ಉಚಿತವಾಗಿ ಸಿಗುವುದನ್ನು ಕದ್ದು ಹಾಕಿಸಿಕೊಳ್ಳುವುದೇಕೆ?

ವಿಂಡೋಸ್‌ಗೆ ಬದಲಾಗಿ ಬಳಸುವ ಉಚಿತ ಲಿನಕ್ಸ್ ಬಗ್ಗೆ ಕೇಳಿದವರಿಗೆ: ಆಟೋಕ್ಯಾಡ್ ಲಿನಕ್ಸ್‌ಗೆ ಇಲ್ಲ. ಬ್ರಿಕ್ಸ್‌ಕ್ಯಾಡ್ ಇದೆ, ಫ್ರೀಕ್ಯಾಡ್ ಇದೆ. ಫ್ರೀಕ್ಯಾಡ್ 2024ರ ನವೆಂಬರ್‌ನಲ್ಲಿ 1.0 ಆವೃತ್ತಿ ಮುಟ್ಟಿತು. ಕಲಿಯಲು ಧಾರಾಳವಾಗಿ ಬಳಸಿ. ಅವು ವಿಂಡೋಸ್‌ನಲ್ಲೂ ನಡೆಯುತ್ತವೆ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ನಕ್ಷೆಯಲ್ಲಿ ಕನ್ನಡ ಬರೆಯುವುದು ಹೇಗೆ? ಗ್ರಾಮ ಪಂಚಾಯಿತಿಗೋ ನಗರಸಭೆಗೋ ಸಲ್ಲಿಸುವ ನಕ್ಷೆಯಲ್ಲಿ ಮಾಲೀಕರ ಹೆಸರು, ಚಕ್ಕುಬಂದಿ, ಅಡುಗೆಮನೆ, ದೇವರಮನೆ ಎಂದು ಕನ್ನಡದಲ್ಲಿ ಬರೆದುಕೊಟ್ಟರೆ ಮನೆ ಕಟ್ಟಿಸುವವರಿಗೆ ತಮ್ಮ ನಕ್ಷೆ ತಮಗೇ ಓದಲು ಬರುತ್ತದೆ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ಕಲಿಸುತ್ತೇನೆ, ಅವರು ಮಾಡಿ ತಂದಾಗ ಹೆಮ್ಮೆಪಡುತ್ತೇನೆ.

ಹಲವರು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್ ಬಳಸುತ್ತಾರೆ. ಅದರಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ. ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ‘ದೇವರಮನೆ’ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಬರೆಯಿರಿ; ನುಡಿಯ ಹೊಸ ಆವೃತ್ತಿಗಳಲ್ಲೇ ಆ ಆಯ್ಕೆ ಇದೆ. ಆಟೋಕ್ಯಾಡ್‌ನ ಟೆಕ್ಸ್ಟ್ ಸ್ಟೈಲ್‌ನಲ್ಲಿ ಅದರದೇ ಆದ ಎಸ್‌ಎಚ್‌ಎಕ್ಸ್ ಫಾಂಟ್ ಉಳಿದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಅದನ್ನು ನಿರ್ಮಲಾ ಯುಐ ಫಾಂಟ್‌ಗೆ ಬದಲಿಸಿ. ಇದು ವಿಂಡೋಸ್ 11ರೊಂದಿಗೇ ಬರುತ್ತದೆ, ಹಳೆಯ ತುಂಗಾ ಫಾಂಟ್ ಬೇಕಾದರೆ ಬೇರೆಯಾಗಿ ಸೇರಿಸಿಕೊಳ್ಳಬೇಕು. ಪ್ರಿಂಟ್ ಕೊಡುವ ಮೊದಲು ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಬೇರೆಯವರಿಗೆ ಕಳುಹಿಸುವಾಗ ನಕ್ಷೆಗೆ ಬೇಕಾದ ಫೈಲುಗಳನ್ನು ಒಟ್ಟುಗೂಡಿಸುವ ಇಟ್ರಾನ್ಸ್‌ಮಿಟ್ ಕಮಾಂಡ್‌ನಲ್ಲಿ ಫಾಂಟ್ ಸೇರಿಸುವ ಆಯ್ಕೆಗೆ ಗುರುತು ಹಾಕಿ, ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಇಡಿ.