ಬ್ರಿಟಿಷ್ ಅಧಿಕಾರಿ ವೆಡರ್‌ಬರ್ನ್ ಕಾಂಗ್ರೆಸ್ ಅಧ್ಯಕ್ಷರಾಗಿದ್ದು ಯಾಕೆ?

ಪ್ರಶ್ನೆ: ಕಾಂಗ್ರೆಸ್ ಅಧ್ಯಕ್ಷರ ಹಳೆಯ ಪಟ್ಟಿಯಲ್ಲಿ ಸರ್ ವಿಲಿಯಂ ವೆಡರ್‌ಬರ್ನ್ ಹೆಸರು ಎರಡು ಸಲ ಬರುತ್ತದೆ. ಬ್ರಿಟಿಷ್ ಸರ್ಕಾರದಲ್ಲೇ ನೌಕರಿ ಮಾಡಿದವರು ಕಾಂಗ್ರೆಸ್ಸಿಗೆ ಬಂದದ್ದು ಯಾಕೆ? ಅವರು ನಿಜವಾಗಿ ನಮ್ಮ ಪರ ಇದ್ದರಾ?

ಉತ್ತರ: ನಮ್ಮ ರೈತರ ಪರ ಇದ್ದರು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಬ್ರಿಟಿಷ್ ಆಳ್ವಿಕೆಯೇ ಹೋಗಲಿ ಎಂದು ಅವರು ಕೇಳಲಿಲ್ಲ. ಈ ಎರಡೂ ಹೇಗೆ ಒಟ್ಟಿಗೆ ಇದ್ದವು ಎಂಬುದು ರೈತರ ಸಾಲದ ಕಥೆಯಲ್ಲಿದೆ.

ವೆಡರ್‌ಬರ್ನ್ ಹುಟ್ಟಿದ್ದು 1838ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆ ಬಾಂಬೆ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದವರು. ಅಣ್ಣ ಜಾನ್ ಕೂಡ ಭಾರತದಲ್ಲೇ ಅಧಿಕಾರಿ. 1857ರ ದಂಗೆಯಲ್ಲಿ, ಈಗಿನ ಹರಿಯಾಣದ ಹಿಸ್ಸಾರ್‌ನಲ್ಲಿ ಆ ಅಣ್ಣ, ಅವರ ಹೆಂಡತಿ, ಮಗು ಮೂವರೂ ಕೊಲೆಯಾದರು. ಮೂರು ವರ್ಷದ ಮೇಲೆ ತಮ್ಮ ವಿಲಿಯಂ ಅದೇ ದೇಶಕ್ಕೆ ನೌಕರಿಗೆ ಬಂದರು. ಮನಸ್ಸಿನಲ್ಲಿ ದ್ವೇಷ ತುಂಬಿಕೊಂಡು ಬಂದಿದ್ದರೂ ಯಾರಿಗೂ ಆಶ್ಚರ್ಯ ಆಗುತ್ತಿರಲಿಲ್ಲ, ಅಲ್ವಾ? ಅವರು ಹಾಗೆ ಬರಲಿಲ್ಲ. ಮೊದಲ ಕೆಲಸ ಎಲ್ಲಿ ಗೊತ್ತಾ? ನಮ್ಮ ಧಾರವಾಡದಲ್ಲಿ, ಅಸಿಸ್ಟೆಂಟ್ ಕಲೆಕ್ಟರ್ ಆಗಿ.

ಮುಂದೆ ಸಿಂಧ್‌ನಲ್ಲಿ, ಆಮೇಲೆ ಪುಣೆಯಲ್ಲಿ ನ್ಯಾಯಾಧೀಶರಾದರು. ಸಾಲದ ಕೇಸುಗಳು ಬರುತ್ತಿದ್ದುದೇ ಇಂಥ ಕೋರ್ಟುಗಳಿಗೆ. ಮಳೆ ಬರಲಿ ಬಿಡಲಿ, ಸರ್ಕಾರಕ್ಕೆ ಕಂದಾಯವನ್ನು ನಗದಾಗಿ ಕಟ್ಟಲೇಬೇಕಿತ್ತು. ಹಣಕ್ಕೆ ರೈತ ಸಾಹುಕಾರನ ಮನೆಗೆ ಹೋಗುತ್ತಿದ್ದ. ಬಡ್ಡಿ ಬೆಳೆಯುತ್ತಿತ್ತು. ಸಾಹುಕಾರ ಕೋರ್ಟಿನಲ್ಲಿ ಡಿಕ್ರಿ (ಸಾಲ ವಸೂಲಿಯ ತೀರ್ಪು) ತಂದರೆ ಹೊಲ ಕೈಬಿಡುತ್ತಿತ್ತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಿಟ್ಟಿಗೆದ್ದು ಸಾಹುಕಾರರ ಮನೆಗಳಿಗೆ ನುಗ್ಗಿದರು. ಹುಡುಕಿ ಹುಡುಕಿ ಸಾಲದ ಪತ್ರಗಳನ್ನು ಸುಟ್ಟರು. ಸುತ್ತಲಿನ ಊರುಗಳಿಗೂ ಇದು ಹಬ್ಬಿತು. ಮರುವರ್ಷವೇ ದೊಡ್ಡ ಬರ ಬಂತು. ಧಾರವಾಡ, ವಿಜಯಪುರದ ಕಡೆಯೂ ಜನ ಹಸಿವಿನಿಂದ ಸತ್ತರು.

ಸಾಹುಕಾರನನ್ನು ಬೈದರೆ ಸಾಲದು ಎಂದು ವೆಡರ್‌ಬರ್ನ್‌ಗೆ ಗೊತ್ತಿತ್ತು. ರೈತನಿಗೆ ಹಣ ಬೇಕು, ಅದು ಕಡಿಮೆ ಬಡ್ಡಿಗೆ ಸಿಗಬೇಕು. ಮಹಾದೇವ ಗೋವಿಂದ ರಾನಡೆಯವರ ಜೊತೆ ಸೇರಿ ಅವರು ಕೃಷಿ ಬ್ಯಾಂಕಿನ ಯೋಜನೆ ಮಾಡಿದರು. ಮೊದಲು ರೈತರ ಹಳೆಯ ಸಾಲ ತೀರಿಸಬೇಕು, ಆಮೇಲೆ ಬ್ಯಾಂಕೇ ಹೊಸ ಸಾಲ ಕೊಡಬೇಕು. ಪುಣೆ ಜಿಲ್ಲೆಯ ಪುರಂದರ ಒಂದೇ ತಾಲ್ಲೂಕಿನಲ್ಲಿ ಮೊದಲ ಪ್ರಯೋಗ. ವೈಸ್‌ರಾಯ್ ರಿಪನ್ ಅವರ ಸರ್ಕಾರವೂ ಒಪ್ಪಿತು. ಆದರೆ ಲಂಡನ್‌ನಲ್ಲಿದ್ದ ಭಾರತ ಮಂತ್ರಿಯ ಕಚೇರಿ ಬೇಡ ಎಂದಿತು. ಅಲ್ಲಿಗೆ ಮುಗಿಯಿತು.

ರೈತರಿಗೆ ಸಹಕಾರಿ ಸಾಲ ಸಿಗುವ ಕಾನೂನು ಬಂದದ್ದು 1904ರಲ್ಲಿ. ಮರುವರ್ಷ ಆಗಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಆ ಕೃಷಿ ಬ್ಯಾಂಕೂ ಈ ಸಹಕಾರಿ ಸಂಘವೂ ಒಂದೇ ಯೋಜನೆ ಅಲ್ಲ. ಆದರೂ ಸುಮಾರು ಇಪ್ಪತ್ತು ವರ್ಷ ಸುಮ್ನೆ ಹೋಯಿತು. ಅಷ್ಟರಲ್ಲಿ ಎಷ್ಟು ಹೊಲಗಳು ಹರಾಜಾದವೋ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅವರನ್ನು ರಾಜಕೀಯಕ್ಕೆ ತಂದದ್ದು ಇದೇ ಎಂದು ನನಗೆ ಅನಿಸುತ್ತದೆ. ಒಂದು ತಾಲ್ಲೂಕಿನ ಪ್ರಯೋಗವನ್ನೂ ಲಂಡನ್ ತಡೆಯುತ್ತದೆ ಎಂದರೆ, ಮಾತಾಡಬೇಕಾದ ಜಾಗ ಲಂಡನ್ನೇ. 1887ರಲ್ಲಿ ಬಾಂಬೆ ಸರ್ಕಾರದ ಹಂಗಾಮಿ ಮುಖ್ಯ ಕಾರ್ಯದರ್ಶಿಯಾಗಿದ್ದಾಗ ನಿವೃತ್ತರಾದರು. ಎರಡೇ ವರ್ಷದಲ್ಲಿ ಬಾಂಬೆ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಬಂದರು. 1889ರ ಆ ಅಧಿವೇಶನಕ್ಕೆ ಬಂದ ಪ್ರತಿನಿಧಿಗಳೂ ಸರಿಯಾಗಿ 1,889! ಅದೇ ವರ್ಷ ಲಂಡನ್‌ನಲ್ಲಿ ಕಾಂಗ್ರೆಸ್ಸಿನ ಬ್ರಿಟಿಷ್ ಸಮಿತಿ ಶುರುವಾಯಿತು. ಅದಕ್ಕಾಗಿ ಅವರು ವರ್ಷಗಟ್ಟಲೆ ದುಡಿದರು, ಕೈಯಿಂದಲೂ ಹಣ ಹಾಕಿದರು.

1893ರಿಂದ 1900ರವರೆಗೆ ಸ್ಕಾಟ್ಲೆಂಡಿನ ಬ್ಯಾನ್‌ಫ್‌ಶೈರ್‌ನಿಂದ ಲಿಬರಲ್ ಪಕ್ಷದ ಸಂಸದರಾಗಿದ್ದರು. ಆಗ ಅಲ್ಲಿ ಸಂಸದರಿಗೆ ಸಂಬಳ ಇರಲಿಲ್ಲ. ಭಾರತದ ವಿಷಯ ಎತ್ತುವ ಸಂಸದರ ಗುಂಪಿಗೆ ಇವರೇ ಮುಖ್ಯಸ್ಥರು. 1895ರಲ್ಲಿ ಭಾರತದ ಖರ್ಚುವೆಚ್ಚ ನೋಡಲು ವೆಲ್ಬಿ ಆಯೋಗ ನೇಮಕವಾಯಿತು. ಅದರಲ್ಲಿ ಇವರು ಮತ್ತು ದಾದಾಭಾಯಿ ನವರೋಜಿ ಇಬ್ಬರೂ ಸದಸ್ಯರು. 1897ರಲ್ಲಿ ಗೋಖಲೆ ಲಂಡನ್‌ಗೆ ಹೋಗಿ ಸಾಕ್ಷ್ಯ ಹೇಳಿದ್ದು ಈ ಆಯೋಗದ ಮುಂದೆಯೇ. ಆಯೋಗದ ಹೆಚ್ಚಿನವರ ವರದಿ ಒಪ್ಪಿಗೆಯಾಗದೆ, ನವರೋಜಿ, ಇನ್ನೊಬ್ಬ ಸದಸ್ಯ ಕೇನ್ ಮತ್ತು ಇವರು ಬೇರೆಯೇ ವರದಿ ಕೊಟ್ಟರು.

1910ರಲ್ಲಿ, 72ನೇ ವಯಸ್ಸಿನಲ್ಲಿ, ಅಲಹಾಬಾದ್ ಅಧಿವೇಶನಕ್ಕೆ ಮತ್ತೆ ಅಧ್ಯಕ್ಷರಾಗಿ ಬಂದರು. 1907ರಲ್ಲಿ ಸೂರತ್‌ನಲ್ಲಿ ಕಾಂಗ್ರೆಸ್ ಒಡೆದಿತ್ತು. ಹಿಂದೂ ಮುಸ್ಲಿಂ ನಾಯಕರ ನಡುವೆಯೂ ಬಿರುಕಿತ್ತು. ಎಲ್ಲರನ್ನೂ ಒಂದು ಕಡೆ ಕೂರಿಸಲು ಆ ವಯಸ್ಸಿನಲ್ಲೂ ಅಷ್ಟು ದೂರ ಬಂದರು. ಹೆಚ್ಚು ಫಲ ಸಿಗಲಿಲ್ಲ. 1918ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಕೊನೆಯ ಮಾತು. ಇಲ್ಲಿನ ಕಷ್ಟ ಸರಿಯಾಗಿ ತಿಳಿದರೆ ಬ್ರಿಟಿಷ್ ಸಂಸತ್ತು ನ್ಯಾಯ ಕೊಡುತ್ತದೆ ಎಂದು ಅವರು ನಂಬಿದ್ದರು. ಆ ನಂಬಿಕೆ ಜಾಸ್ತಿಯೇ ಆಯಿತು ಎಂದು ಇವತ್ತು ಹೇಳಬಹುದು. ಆದರೆ ನವರೋಜಿ, ಗೋಖಲೆಯವರೂ ಬಹುಕಾಲ ಅದೇ ದಾರಿಯಲ್ಲಿ ನಡೆದವರು. ಪೂರ್ಣ ಸ್ವರಾಜ್ಯವೇ ಗುರಿ ಎಂದು ಕಾಂಗ್ರೆಸ್ ಹೇಳಿದ್ದು 1929ರಲ್ಲಿ, ಲಾಹೋರ್‌ನಲ್ಲಿ. ಅವರಿಬ್ಬರನ್ನು ಗೌರವಿಸುವ ನಾವು ವೆಡರ್‌ಬರ್ನ್ ಒಬ್ಬರನ್ನೇ ಅನುಮಾನದಿಂದ ನೋಡುವುದು ನ್ಯಾಯವಲ್ಲ.