ನಿತ್ಯದ ಅವಮಾನ ಮಿದುಳನ್ನು ಮುಟ್ಟುವ ಬಗೆ

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಕೊಡಗಿನ ಜನರಿಗಾದ ಆಘಾತ ಎಲ್ಲರಿಗೂ ಕಂಡಿತು. ದಿನಾ ಸ್ವಲ್ಪಸ್ವಲ್ಪವೇ ತಿನ್ನುವ ಒತ್ತಡ ಹಾಗೆ ಕಾಣುವುದಿಲ್ಲ. ಮುಂಗಡದ ಸಾಲ ತೀರದೆ ತೋಟದ ಲೈನ್ ಮನೆಯಲ್ಲೇ ಬೈಗುಳ ಕೇಳುತ್ತಾ ಉಳಿದವರಿದ್ದಾರೆ. ಕಾಫಿ, ಮೆಣಸು ಕೈಕೊಟ್ಟ ವರ್ಷ ಸಾಲ ಕೊಟ್ಟವರೆದುರು ತಲೆ ತಗ್ಗಿಸುವ ಸಣ್ಣ ಬೆಳೆಗಾರರಿದ್ದಾರೆ. ಇವರು ಖಿನ್ನತೆಗೆ ಬಿದ್ದರೆ ‘ಮನಸ್ಸು ಗಟ್ಟಿ ಮಾಡ್ಕೋ’ ಅಂತೀವಿ, ಅಲ್ವಾ? ಆದರೆ ಇದು ಮಿದುಳಿನ ವಿಷಯವೂ ಹೌದು.

1936ರಲ್ಲಿ ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ ಹಾನ್ಸ್ ಸೆಲ್ಯೆ ಇಲಿಗಳನ್ನು ನೋಡಿ, ದೇಹಕ್ಕೆ ಯಾವ ತೊಂದರೆ ಬಂದರೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತದೆ ಎಂದರು. 1950ರ ದಶಕದಲ್ಲಿ ಕ್ಷಯದ ಔಷಧಿಯೊಂದು ರೋಗಿಗಳಿಗೆ ಲವಲವಿಕೆ ತಂದಿತು. ಅಲ್ಲಿಂದ ಮಿದುಳಿನಲ್ಲಿ ಸೆರೊಟೋನಿನ್‌ನಂಥ ರಾಸಾಯನಿಕಗಳ ಕೊರತೆಯೇ ಖಿನ್ನತೆ ಎಂಬ ವಾದ ಬೆಳೆಯಿತು. 1987ರಲ್ಲಿ ಅಮೆರಿಕದಲ್ಲಿ ಸೆರೊಟೋನಿನ್ ಮೇಲೆ ಕೆಲಸ ಮಾಡುವ ಖಿನ್ನತೆಯ ಮಾತ್ರೆ ಪ್ರೊಜಾಕ್‌ಗೆ ಒಪ್ಪಿಗೆ ಸಿಕ್ಕಿತು.

ಒತ್ತಡದಲ್ಲಿ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನು ಸುರಿಸುತ್ತದೆ. ಅದು ಜಾಸ್ತಿಯಾದಾಗ ‘ಸಾಕು, ನಿಲ್ಲಿಸು’ ಎಂದು ಹೇಳುವ ಕೆಲಸದಲ್ಲಿ ಮಿದುಳಿನ ಹಿಪೋಕ್ಯಾಂಪಸ್ ಎಂಬ ಭಾಗದ ಪಾತ್ರ ದೊಡ್ಡದು. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಆ ಭಾಗವೇ ಸೊರಗಬಹುದು. ಆಗ ತಡೆಯುವವರೇ ಇಲ್ಲ.

2006ರಲ್ಲಿ ಅಮೆರಿಕದ ಮಿದುಳು ವಿಜ್ಞಾನಿ ಎರಿಕ್ ನೆಸ್ಲರ್ ಅವರ ತಂಡ ಒಂದು ಪ್ರಯೋಗ ಪ್ರಕಟಿಸಿತು. ಚಿಕ್ಕ ಇಲಿಯನ್ನು ದಿನಕ್ಕೆ ಕೆಲವೇ ನಿಮಿಷ ಜಗಳಗಂಟ ಇಲಿಯ ಪಂಜರಕ್ಕೆ ಬಿಡುವುದು. ಆಮೇಲೆ ನಡುವೆ ತೂತುಗಳಿರುವ ಪಾರದರ್ಶಕ ತಡೆ ಹಾಕಿ ಇಡೀ ದಿನ ಅದರ ಪಕ್ಕದಲ್ಲೇ ಇಡುವುದು. ಏಟು ನಿಂತರೂ ಎದುರಾಳಿಯ ಮುಖ, ವಾಸನೆ ತಪ್ಪುವುದಿಲ್ಲ. ಹೀಗೆ 10 ದಿನ. ನಂತರ ಎಷ್ಟೋ ಇಲಿಗಳು ಬೇರೆ ಇಲಿಗಳಿಂದಲೂ ದೂರ ಸರಿದವು. ನರಕೋಶಗಳನ್ನು ಬೆಳೆಸುವ ಬಿಡಿಎನ್‌ಎಫ್ ಎಂಬ ಪ್ರೋಟೀನನ್ನು, ಆಸಕ್ತಿ, ಹುರುಪಿಗೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕ ಬಿಡುವ ಕೋಶಗಳಿರುವ ಜಾಗದಲ್ಲಿ ಇಲ್ಲದಂತೆ ಮಾಡಿದಾಗ ಈ ಹಿಂಜರಿಕೆ ಹೆಚ್ಚಾಗಿ ಕಾಣಲಿಲ್ಲ.

ಮರುವರ್ಷದ ಫಲಿತಾಂಶ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಹೆಚ್ಚುಕಡಿಮೆ ಒಂದೇ ವಂಶವಾಹಿಯ ಇಲಿಗಳಲ್ಲೂ ಕೆಲವು ಕುಗ್ಗಲಿಲ್ಲ. ಕುಗ್ಗಿದವುಗಳಲ್ಲಿ ಡೋಪಮಿನ್ ಕೋಶಗಳು ವಿಪರೀತ ಮಿಡಿಯುತ್ತಿದ್ದವು. ತಡೆದುಕೊಂಡವುಗಳಲ್ಲಿ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ಸಣ್ಣ ದಾರಿಗಳು (ಚಾನೆಲ್‌ಗಳು) ಹೆಚ್ಚಿ ಆ ಮಿಡಿತವನ್ನು ಹದಕ್ಕೆ ತಂದಿದ್ದವು. ಅಂದರೆ ತಡೆದುಕೊಳ್ಳುವುದೂ ಮಿದುಳು ಮಾಡುವ ಕೆಲಸ. ಕುಗ್ಗಿದವರ ಗುಣವನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಇಲಿ ಮನುಷ್ಯನಲ್ಲ, ನಿಜ. ಆದರೆ ಖಿನ್ನತೆಯಿದ್ದು ತೀರಿಕೊಂಡವರ ಮಿದುಳಿನ ಅದೇ ಡೋಪಮಿನ್ ಜಾಲದಲ್ಲೂ ಬಿಡಿಎನ್‌ಎಫ್ ಹೆಚ್ಚಿತ್ತು.

2022ರಲ್ಲಿ ಬಂದ ಪರಾಮರ್ಶೆಯೊಂದು, ಸೆರೊಟೋನಿನ್ ಕೊರತೆಯೇ ಕಾರಣ ಎನ್ನಲು ಗಟ್ಟಿ ಪುರಾವೆಯಿಲ್ಲ ಎಂದಿತು. ಹಾಗೆಂದು ಮಾತ್ರೆ ದಂಡ ಎಂದಾಗುವುದಿಲ್ಲ. ನೆಸ್ಲರ್ ತಂಡದ ಇಲಿಗಳಿಗೂ ಖಿನ್ನತೆಯ ಔಷಧಿಯ ಒಂದು ಡೋಸ್‌ನಿಂದ ಏನೂ ಆಗಲಿಲ್ಲ, ವಾರಗಟ್ಟಲೆ ಕೊಟ್ಟಾಗ ಚೇತರಿಸಿಕೊಂಡವು. ನಾಲ್ಕು ದಿನ ನುಂಗಿ ‘ಇದು ಸುಮ್ನೆ’ ಎಂದು ಬಿಡುವವರು ಇದನ್ನು ತಿಳಿಯಬೇಕು. ಆ ಔಷಧಿ ಕೊಟ್ಟಿದ್ದು ಹೊಡೆತದ ದಿನಗಳು ಮುಗಿದ ಮೇಲೆ ಎಂಬುದೂ ಗಮನದಲ್ಲಿರಲಿ. ಮಾತ್ರೆ ಹಿಡಿದು ಮಡಿಕೇರಿಯಿಂದ ಅದೇ ಸಾಲ, ಅದೇ ಬೈಗುಳಕ್ಕೆ ಮರಳುವವರಿಗೆ ಆ ಅನುಕೂಲವಿಲ್ಲ. ಹಾಗಾಗಿ ಚಿಕಿತ್ಸೆಯ ಮಾತುಕತೆಯಲ್ಲಿ ಮನೆ, ಕೂಲಿ, ಸಾಲದ ವಿಷಯವೂ ಬರಬೇಕು. ಆಸ್ಪತ್ರೆ ದೂರವಾದರೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.